ದಿನ ಹೇಳದ ಹರಕೆ

ನೋಂಗ್‌ಸಕೆ ಹಳ್ಳಿ
ಮಾರ್ಚ್ 12, ಬೌದ್ಧ ಶಕ 2535

ಪೂಜ್ಯ ಖಮ್‌ಪಾನ್ ಭಿಕ್ಷುಗಳಿಗೆ ಬುವಾಲೈ ಮಾಡುವ ನಮಸ್ಕಾರಗಳು.

ನೋಡಿ, ಕ್ರಮವಾಗಿಯೇ ಶುರು ಮಾಡಿದ್ದೇನೆ. ಕಟ್ಟಿಕೊಂಡ ಗಂಡನಿಗೆ ಕಾಗದ ಬರೆಯುವಾಗಲೂ ಕೈಮುಗಿದೇ ಬರೆಯಬೇಕಂತೆ. ಲಮೂನ್ ದೊಡ್ಡಮ್ಮ ಪಕ್ಕದಲ್ಲಿ ಕೂತು ಅಡಿಕೆ ಜಗಿಯುತ್ತಾ ಹೇಳಿಕೊಡುತ್ತಿದ್ದಾಳೆ.

ನಾನು ಚೆನ್ನಾಗಿದ್ದೇನೆ. ಬೆರಳು ಊದಿಲ್ಲ, ಕೆನ್ನೆಯ ಕೆಂಪು ಪೂರ್ತಿ ಹೋಗಿದೆ. ಮಗ್ಗದ ಮೇಲೆ ಬೆಳಿಗ್ಗೆ ಕೂತರೆ ಊಟದ ಹೊತ್ತಿಗೇ ಏಳುವುದು. ಹೋದ ವಾರ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ರಕ್ತದ ಚೀಟಿ ನೋಡಿ, "ಲೂಪಸ್ ಅನ್ನೋದು ಹೋಗೋ ರೋಗ ಅಲ್ಲಮ್ಮ, ಸುಮ್ಮನೆ ಕೂರೋ ರೋಗ. ಮಾತ್ರೆ ಮಾತ್ರ ಒಂದು ದಿನಾನೂ ಬಿಡಬೇಡ" ಅಂದರು. "ನಮ್ಮನೆಯವರು ಹರಕೆ ಹೊತ್ತು ಸನ್ಯಾಸಿ ಆಗಿದಾರೆ, ಅದಕ್ಕೇ ವಾಸಿಯಾಗಿದೆ" ಅಂದೆ. "ಒಳ್ಳೇದೇ ಆಯ್ತು, ಅವರೂ ಇರಲಿ, ಮಾತ್ರೆನೂ ಇರಲಿ" ಅಂದರು.

ಅವರೂ ಇರಲಿ! ಎಷ್ಟು ದಿನ ಇರಬೇಕು ನೀವು?

ಈ ಸೀಮೆಯಲ್ಲಿ ಹರಕೆ ಹೊತ್ತು ತಲೆ ಬೋಳಿಸಿಕೊಳ್ಳದ ಗಂಡಸು ಯಾರಿದ್ದಾರೆ ಹೇಳಿ. ಮೂಲೆಮನೆ ವಿಚೈ, ಸೈನ್ಯಕ್ಕೆ ಎಳೆಯುವ ಚೀಟಿ ತನಗೆ ಬೀಳದಿದ್ದರೆ ಒಂಬತ್ತು ದಿನ ಸನ್ಯಾಸ ಎಂದು ಹೇಳಿಕೊಂಡ; ಹತ್ತನೆಯ ದಿನ ಸಂತೆಯಲ್ಲಿ ಮೀನು ಮಾರುತ್ತಿದ್ದ. ಏಳು ದಿನ, ಹದಿನೈದು ದಿನ, ಹೆಚ್ಚೆಂದರೆ ಒಂದು ಮಳೆಗಾಲ. ನೀವೊಬ್ಬರೇ, ನಾನು ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾಗ, ಆ ನೀಲಿ ಚೌಕಳಿ ಅಂಗಿಯಲ್ಲೇ ಗುಡಿಗೆ ಓಡಿ, ಬುದ್ಧನ ಮುಂದೆ ಹಣೆ ಚಚ್ಚಿಕೊಂಡು, "ಅವಳು ಎದ್ದು ಕೂತರೆ ನಾನು ಸನ್ಯಾಸಿ ಆಗ್ತೀನಿ" ಅಂದವರು. ಎಷ್ಟು ದಿನಕ್ಕೆ ಅಂತ ಹೇಳಲೇ ಇಲ್ಲ. ಪುಣ್ಯಾತ್ಮರೇ, ಗಾಬರಿಯಲ್ಲಿ ಅದೊಂದು ಮಾತು ಮರೆಯುವುದೇ?

ಮೊದಲ ಮಳೆಗಾಲ ಮುಗಿದಾಗ ಕಾವಿ ಬಿಡುವ ದಿನ ಗೊತ್ತುಮಾಡಿ ಊರಿಗೆಲ್ಲ ಹೇಳಿ ಕಳಿಸಿದಿರಿ. ಅದೇ ವಾರ ನನಗೆ ಜ್ವರ ಬಂತು. ಗದ್ದೆಯಲ್ಲಿ ನೆನೆದ ಜ್ವರ ಅದು, ಮೂರು ದಿನಕ್ಕೆ ಬಿಟ್ಟಿತು. ನೀವು ಮಾತ್ರ ಹೆದರಿ ಅಲ್ಲೇ ಕೂತಿರಿ. ಎರಡನೆಯ ಮಳೆಗಾಲವೂ ಹೋಯಿತು. ಹೀಗೆ ಹೆದರುತ್ತಲೇ ಇದ್ದರೆ ನಾವಿಬ್ಬರೂ ಮತ್ತೆ ಒಂದು ತಟ್ಟೆಯಿಂದ ಅನ್ನ ಉಂಡೆ ಕಟ್ಟಿ ತಿನ್ನುವುದು ಯಾವಾಗ?

ಯಾವಾಗ ಬರುತ್ತೀರಿ, ಅದನ್ನು ಬರೆಯಿರಿ. ಉಪದೇಶ ಬೇಡ.

ಬುವಾಲೈ

*

ಫೂಹಿನ್ ವನವಿಹಾರ
ಏಪ್ರಿಲ್ 2, 2535

ಭಕ್ತೆ ಬುವಾಲೈಗೆ ಶುಭವಾಗಲಿ.

ಕಾಗದ ತಲುಪಿತು. ರೋಗ ಸುಮ್ಮನೆ ಕೂತಿದೆ ಎಂದು ತಿಳಿದು ಈ ಭಿಕ್ಷುವಿಗೆ ಸಂತೋಷವಾಯಿತು. ಆದರೆ ಕೂತದ್ದು ಏಳಲೂಬಹುದು. ದೇಹಕ್ಕೆ ಬರುವ ರೋಗ ಒಂದು, ಅದು ಬಂದೀತೆಂದು ಮನಸ್ಸು ತಂದುಕೊಳ್ಳುವ ರೋಗ ಇನ್ನೊಂದು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ದಿನವೂ ಕೂತು ಗಮನಿಸಿದರೆ ಅದು ತಾನಾಗಿ ತೆಳುವಾಗುತ್ತದೆ. ನೋವು ಬಂದಾಗ ಇದು ನನ್ನದು ಎನ್ನಬೇಡ. ನೆಮ್ಮದಿ ಬಂದಾಗಲೂ ಎನ್ನಬೇಡ.

ಹಿರಿಯ ಗುರುಗಳು ಕ್ಷೇಮ. ಇಲ್ಲಿ ಕಾಡಿಗೆ ಬೆಂಕಿ ಬಿದ್ದು ಮೂರು ದಿನ ಸೊಪ್ಪಿನಿಂದ ಬಡಿದು ಆರಿಸಿದೆವು.

ಒಂದು ವಿನಂತಿ. ಮನೆಯ ಬಿದಿರು ಪೆಟ್ಟಿಗೆಯಲ್ಲಿ ನೀಲಿ ಚೌಕಳಿ ಅಂಗಿಯೂ ಒಂದು ಷರಾಯಿಯೂ ಇರಬೇಕು. ಅಂಚೆಯಲ್ಲಿ ಕಳಿಸಿಕೊಡು. ಇಲ್ಲಿ ಬೇಕಾಗಿದೆ. ಯಾಕೆಂದು ಕೇಳಬೇಡ.

ಖಮ್‌ಪಾನ್ ಭಿಕ್ಷು

*

ನೋಂಗ್‌ಸಕೆ
ಏಪ್ರಿಲ್ 21, 2535

ಪೂಜ್ಯರಿಗೆ ನಮಸ್ಕಾರ.

ಹದಿನಾಲ್ಕು ವರ್ಷ "ಏ ಇವಳೇ" ಅಂತ ಕರೆದವರಿಗೆ ಈಗ ನಾನು "ಭಕ್ತೆ". ಆಗಲಿ. ಹೊಸ ವರ್ಷದ ನೀರಾಟ ಮುಗಿಯಲೆಂದು ಕಾಯುತ್ತಿದ್ದೆ. ಅಂಗಿ, ಷರಾಯಿ ಎರಡನ್ನೂ ಇಂದು ಅಂಚೆಗೆ ಹಾಕಿದೆ.

ಯಾಕೆಂದು ಕೇಳಬೇಡ ಅಂದಿರಿ, ನಾನೇನು ದಡ್ಡಿಯೇ? ಕಾಡಿನ ಬೆಂಕಿಯಲ್ಲಿ ಮನೆ ಸುಟ್ಟುಕೊಂಡ ಯಾವನಿಗೋ ದಾನ ಕೊಡುತ್ತೀರಿ. ಪುಣ್ಯ ಬರಲಿ. ಗಂಡಸಿನ ಬಟ್ಟೆ ಅಂತ ಈ ಮನೆಯಲ್ಲಿ ಉಳಿದಿದ್ದದ್ದು ಅವೆರಡೇ. ಅಂಗಿಯನ್ನು ಎರಡೂವರೆ ವರ್ಷದಿಂದ ಒಗೆದಿರಲಿಲ್ಲ. ಎಮ್ಮೆ, ಹೊಗೆಸೊಪ್ಪು, ನಿಮ್ಮ ಬೆವರು, ಎಲ್ಲದರ ವಾಸನೆ ಹಾಗೇ ಇತ್ತು. ಆಗೊಮ್ಮೆ ಈಗೊಮ್ಮೆ ಪೆಟ್ಟಿಗೆ ತೆರೆದು ಮೂಸುತ್ತಿದ್ದೆ. ಸನ್ಯಾಸಿಗೆ ಇದನ್ನೆಲ್ಲ ಬರೆಯಬಾರದು, ಗೊತ್ತು.

ಹಬ್ಬದಲ್ಲಿ ಹಿರಿಯರ ಕೈಗೆ ನೀರು ಹಾಕಲು ಹೋದಾಗ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುವುದು. ವಿಚೈಯ ತಾಯಿ ಎಲ್ಲರೆದುರೇ, "ರೇಷ್ಮೆ ಹುಳಾನ ಜೀವಂತ ಬೇಯಿಸೋ ಕೈ ಅಲ್ವೇ, ರೋಗ ಬರ್ದೆ ಇನ್ನೇನು ಬರತ್ತೆ? ಪಾಪ, ಗಂಡ ಆ ಪಾಪ ತೊಳೀತಾ ಕೂತಿದಾನೆ" ಅಂದಳು. ಲಮೂನ್ ದೊಡ್ಡಮ್ಮ ಬಿಟ್ಟಾಳೆಯೇ? "ಬೇಯಿಸಿದ ಹುಳಾನ ಖಾರ ಹಾಕ್ಕೊಂಡು ತಟ್ಟೆಗಟ್ಟಲೆ ತಿಂದವಳು ನೀನು, ನಿಂಗೇನು ಬಂದಿದೆ? ಹೊಟ್ಟೆ ತಾನೇ?" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನೀವೂ ಹಾಗೇ ಅಂದುಕೊಂಡಿದ್ದೀರಾ ಎಂಬ ಯೋಚನೆ ಹತ್ತಿತು.

ಯಾವಾಗ ಬರುತ್ತೀರಿ ಅಂತ ಕೇಳಿದ್ದೆ. ಉಳಿದಿದ್ದ ಅಂಗಿಯನ್ನೂ ತರಿಸಿಕೊಂಡಿರಿ. ಉತ್ತರ ಸಿಕ್ಕಿತು.

ಬುವಾಲೈ

*

ನೋಂಗ್‌ಸಕೆ
ಮೇ 3, 2535

ರೀ,

ಈ ಕಾಗದ ಕಳಿಸುವುದಿಲ್ಲ. ಬರೆದು ಮಗ್ಗದ ನೂಲು ಸುತ್ತಿಡುವ ಕಂಡಿಕೆ ಬುಟ್ಟಿಯ ತಳದಲ್ಲಿ ಇಡುತ್ತೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದು ಹೋಗುತ್ತದೆ.

ಮಾತ್ರೆ ಬಿಟ್ಟು ಇವತ್ತಿಗೆ ಹನ್ನೆರಡು ದಿನ.

ದೊಡ್ಡಮ್ಮ ಡಬ್ಬಿಯ ಮೇಲೆ ಕಣ್ಣಿಟ್ಟಿರುತ್ತಾಳೆ. ಅದಕ್ಕೇ ದಿನದ ಮಾತ್ರೆ ತೆಗೆದು ಅಕ್ಕಿ ತೊಳೆದ ನೀರಿನ ಜೊತೆ ಹಿತ್ತಲಿಗೆ ಚೆಲ್ಲುತ್ತೇನೆ. ಬೇಸರಕ್ಕೆ ಮಾಡಿದ್ದಲ್ಲ ಇದು, ಚೆನ್ನಾಗಿ ಯೋಚಿಸಿಯೇ ಮಾಡಿದ್ದು. ಹರಕೆ ಅಂದರೆ ಎರಡು ಕಡೆಯ ಮಾತು. ನಾನು ಎದ್ದು ಕೂತಿರಬೇಕು, ನೀವು ಕಾವಿಯಲ್ಲಿರಬೇಕು. ನಾನು ಚೆನ್ನಾಗಿರುವಷ್ಟು ದಿನ ನೀವು ಬರುವ ಹಾಗಿಲ್ಲ. ಹೋದ ಸಲದ ಜ್ವರ ಬರೀ ಹೆದರಿಕೆ ಹುಟ್ಟಿಸಿತು, ನೀವು ಇನ್ನೂ ಬಿಗಿಯಾಗಿ ಕೂತಿರಿ. ಈ ಸಲ ನಿಜವಾದದ್ದೇ ಬರಲಿ. ಕೆನ್ನೆ ಕೆಂಪಾಗಲಿ, ಗಂಟುಗಳು ಊದಲಿ. ಆಗ ಹರಕೆ ಆ ಕಡೆಯಿಂದಲೇ ಮುರಿದಂತೆ. ನಿಮ್ಮ ಮೇಲೆ ದೋಷವಿಲ್ಲ, ಎದ್ದು ಮನೆಗೆ ಬರಬಹುದು. ನೀವು ಬಂದ ದಿನವೇ ಮಾತ್ರೆ ನುಂಗುತ್ತೇನೆ. ರೋಗವನ್ನು ಒಂದು ಸಲ ಓಡಿಸಿದ ಮಾತ್ರೆ ಇನ್ನೊಂದು ಸಲ ಓಡಿಸದೇ?

ನಿನ್ನೆ ಬೆಳಿಗ್ಗೆ ಎಡಗೈಯ ಎರಡು ಬೆರಳು ಮಡಚಲು ಬರಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ ನಾಚಿಕೆಯಾಗುತ್ತದೆ.

*

ನೋಂಗ್‌ಸಕೆ
ಜೂನ್ 8, 2535

ಪೂಜ್ಯ ಭಿಕ್ಷುಗಳಿಗೆ ನಮಸ್ಕಾರ. ಬರೆಯುತ್ತಿರುವುದು ಲಮೂನ್. ಅವಳ ಬೆರಳು ಪೆನ್ನು ಹಿಡಿಯುವ ಸ್ಥಿತಿಯಲ್ಲಿಲ್ಲ. ಇನ್ನು ಮುಂದೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ರೋಗ ವಾಪಸ್ ಬಂದಿದೆ. ಎರಡು ಕೆನ್ನೆನೂ ಸುಟ್ಟ ಹಾಗೆ ಕೆಂಪಾಗಿದೆ. ಕಾಲು ಊದ್ಕೊಂಡು ಚಪ್ಪಲಿ ಹಿಡಿಸ್ತಿಲ್ಲ. ಇದು ಮಳೇಲಿ ನೆನೆದ ಜ್ವರ ಅಲ್ಲ, ಅಸಲಿದೇ. ನೀವು ಹೊತ್ತ ಹರಕೆ ಮುರೀತು. ನೀವು ಎರಡು ಮಳೆಗಾಲ ಮಾತು ಉಳಿಸ್ಕೊಂಡ್ರಿ, ಆ ಕಡೆಯಿಂದ ಉಳೀಲಿಲ್ಲ. ಇನ್ನು ಯಾವ ಋಣಾನೂ ಇಲ್ಲ. ಬನ್ನಿ. ನಂಗೆ ಬೋಧನೆ ಬೇಡ, ಪಾರಾಯಣ ಬೇಡ, ಮಂತ್ರಿಸಿದ ನೀರು ಬೇಡ. ಮನೆಗೆ ಬನ್ನಿ."

ಇಷ್ಟು ಹೇಳಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಮುದುಕಿ ಮಾತು ಒಂದು: ನನಗೆ ಇವಳ ಲಕ್ಷಣ ಸರಿ ಕಾಣುತ್ತಿಲ್ಲ. ಮೂತ್ರ ನೊರೆನೊರೆಯಾಗಿ ಹೋಗುತ್ತಿದೆ. ನಾಳೆ ವಿಚೈ ಗಾಡಿಯಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋಗುತ್ತೇನೆ. ಬರುವುದಾದರೆ ಬೇಗ ಬನ್ನಿ.

ಲಮೂನ್

*

ಫೂಹಿನ್ ವನವಿಹಾರ
ಜೂನ್ 20, 2535

ಬುವಾಲೈ,

ಹೇಗೆ ಶುರು ಮಾಡಲಿ? ಭಿಕ್ಷುವಿನ ಹಾಗೆ ಬರೆಯಲು ಇವತ್ತು ಆಗುತ್ತಿಲ್ಲ. ನಾನು ಖಮ್‌ಪಾನ್ ಬರೆಯುತ್ತಿದ್ದೇನೆ, ಓದು.

ಆ ಅಂಗಿ ನನಗೇ ಬೇಕಾಗಿತ್ತು. ಕಾವಿ ಬಿಚ್ಚಿದ ಮೇಲೆ ಉಡಲು. ಹಿರಿಯ ಗುರುಗಳು ಜೂನ್ ಹದಿನಾಲ್ಕನೆಯ ತಾರೀಕು, ಬೆಳಿಗ್ಗೆ ಒಂಬತ್ತು ಗಂಟೆ ಅಂತ ನನಗೆ ಗಳಿಗೆ ಗೊತ್ತುಮಾಡಿಕೊಟ್ಟಿದ್ದರು. ಅಂಗಿ ಒಗೆದು ಒಣಗಿಸಿ ಮಡಚಿ ಇಟ್ಟಿದ್ದೆ. ನಿನಗೆ ಹೇಳಲಿಲ್ಲ. ಹೋದ ಸಲ ಊರಿಗೆಲ್ಲ ಹೇಳಿದೆ, ಜ್ವರ ಬಂತು. ಈ ಸಲ ಯಾರಿಗೂ ಹೇಳದೆ ಬಂದು ಬಾಗಿಲಲ್ಲಿ ನಿಂತುಬಿಡೋಣ, ಆಮೇಲೆ ಏನೂ ಆಗಲಾರದು ಅಂದುಕೊಂಡೆ. ನೀನು ಮಗ್ಗದಿಂದ ತಲೆಯೆತ್ತಿ ಏನು ಬೈಯುತ್ತೀ ಅಂತ ಕೂಡ ಯೋಚಿಸಿಟ್ಟಿದ್ದೆ.

ಹನ್ನೆರಡನೆಯ ತಾರೀಕು ನಿಮ್ಮ ಕಾಗದ ಬಂತು.

ನನ್ನ ಮನಸ್ಸಿನಲ್ಲಿ ಕಾವಿ ಬಿಡುವ ಯೋಚನೆ ಬಂದದ್ದು ಮಾರ್ಚಿನಲ್ಲಿ. ಗಳಿಗೆ ಕೇಳಿದ್ದು ಏಪ್ರಿಲ್‌ನಲ್ಲಿ. ನಿನ್ನ ಬೆರಳು ಊದಲು ಶುರುವಾದದ್ದು ಅದಾದ ಮೇಲೆ ತಾನೇ? ಇನ್ನೇನು ಬೇಕು? ನಾನು ಬರೀ ಯೋಚನೆ ಮಾಡಿದ್ದಕ್ಕೇ ನಿನ್ನ ಮೈ ಸುಟ್ಟಿತು. ಬಂದೇಬಿಟ್ಟಿದ್ದರೆ ನೀನು ಉಳಿಯುತ್ತಿದ್ದೆಯಾ?

ಅದೇ ಸಂಜೆ ಬುದ್ಧನ ಮುಂದೆ ಹೋಗಿ ಕೂತೆ. ಅವಳನ್ನು ಉಳಿಸು ಅಂದೆ. ಈ ಸಲ ದಿನ ಹೇಳಿದೆ, ಬುವಾಲೈ. ಬದುಕಿರುವವರೆಗೆ ಅಂದೆ.

ಗುರುಗಳಿಗೆ ತಿಳಿಸಿದಾಗ ಅವರು, "ಯಾರು ಕೇಳಿದ್ರಪ್ಪ ನಿನ್ನ?" ಅಂದರು. ನನಗೆ ಅರ್ಥವಾಗಲಿಲ್ಲ.

ನೋಡಲು ಬರುವುದಿಲ್ಲ. ನಿನ್ನನ್ನು ಒಂದು ಸಲ ನೋಡಿದರೆ ಎದ್ದು ವಾಪಸು ಬರುವ ಶಕ್ತಿ ನನಗಿಲ್ಲ. ಅಂಗಿ ಹಿಂದಕ್ಕೆ ಕಳಿಸುತ್ತಿದ್ದೇನೆ, ಇನ್ನು ಅದು ನನಗೆ ಬೇಡ. ಬೇಗ ಎದ್ದು ಕೂರು. ನೀನು ಎದ್ದು ಕೂತರೆ ಸಾಕು.

ಖಮ್‌ಪಾನ್

*

ಜಿಲ್ಲಾ ಆಸ್ಪತ್ರೆ, ಹೆಂಗಸರ ವಾರ್ಡು
ಜುಲೈ 9, 2535

ರೀ,

ಊದಿದ ಬೆರಳಲ್ಲಿ ಹೇಗೋ ನಾನೇ ಬರೆಯುತ್ತಿದ್ದೇನೆ. ಇದರ ಜೊತೆ ಮನೆಯಿಂದ ತರಿಸಿದ ಒಂದು ಹಳೆಯ ಕಾಗದ ಇಟ್ಟಿದ್ದೇನೆ, ಮೇ ಮೂರನೆಯ ತಾರೀಕಿನದು. ಮೊದಲು ಅದನ್ನು ಓದಿ, ಆಮೇಲೆ ಇದನ್ನು.

ಓದಿದಿರಾ?

ನಿಮ್ಮ ಯೋಚನೆಯೂ ಅಲ್ಲ, ಗಳಿಗೆಯೂ ಅಲ್ಲ. ಅಕ್ಕಿ ತೊಳೆದ ನೀರು. ನನ್ನ ಕೈಯಿಂದ ನಾನೇ ಚೆಲ್ಲಿದ್ದು. ನಿಮ್ಮ ಕಾಗದ ಓದಿ ಮುಗಿಸಿದಾಗ ನಗು ಬಂತು. ಹೇಗೆ ನಕ್ಕೆನೆಂದರೆ ನರ್ಸು ಓಡಿಬಂದಳು, ತಲೆ ಕೆಟ್ಟಿತು ಅಂತ. "ನನಗೇ ಬೇಕು" ಅಂತ ಒಂದು ಸಾಲು ಬರೆಯಬಾರದಿತ್ತೇ, ರೀ! ನೋವನ್ನು ನನ್ನದೆನ್ನಬೇಡ ಅಂತ ಅಷ್ಟುದ್ದ ಬರೆದಿರಿ, ಅಂಗಿ ನನ್ನದು ಅಂತ ಬರೆಯಲು ನಿಮಗೆ ಕೈ ಬರಲಿಲ್ಲ. ನಿಮ್ಮ ಮೇಲೆ ಎಷ್ಟು ಸಿಟ್ಟಿದೆ ಅಂದರೆ ಹಾಸಿಗೆ ಕಚ್ಚುತ್ತೇನೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೂತ್ರಪಿಂಡಕ್ಕೆ ಹೋಗಿದೆಯಮ್ಮ. ಅರ್ಧ ಉಳಿಸಿಕೊಳ್ಳಬಹುದು. ಹೋದ ಅರ್ಧ ಬರಲ್ಲ" ಅಂದರು. ಮಾತ್ರೆ ಈಗ ಮೊದಲಿನ ಎರಡರಷ್ಟು. ಮುಖ ಹಬೆಯಲ್ಲಿ ಬೆಂದ ಕಡುಬಿನ ಹಾಗೆ ಊದಿದೆ.

ಪಕ್ಕದ ಮಂಚದಲ್ಲಿ ಒಬ್ಬ ಮೇಚೀ ಇದ್ದಾಳೆ. ಬಿಳಿ ಬಟ್ಟೆಯ ಮುದಿ ಸನ್ಯಾಸಿನಿ, ಸೋಯ್ ಅಂತ ಹೆಸರು, ಬಾಯಿ ಬಲು ಜೋರು. ಅವಳಿಗೂ ಮರುಕಳಿಸುವ ರೋಗವೇ, ಹತ್ತೊಂಬತ್ತನೆಯ ಸಲವಂತೆ ಆಸ್ಪತ್ರೆಗೆ ಬಂದಿರುವುದು. ಹುಳು ಬೇಯಿಸಿದ ಪಾಪ ಇರಬಹುದೇ ಅಂತ ಅವಳನ್ನು ಕೇಳಿದೆ. "ನಾನು ಹನ್ನೆರಡು ವರ್ಷಕ್ಕೇ ತಲೆ ಬೋಳಿಸ್ಕೊಂಡವಳು, ಇರುವೆ ತುಳಿಯೋಕೂ ಹೆದರ್ತೀನಿ. ನನಗ್ಯಾಕೆ ಬಂತು, ಹೇಳು?" ಅಂದಳು. "ಯಾಕೆ ಬಂತು?" ಅಂದೆ. "ಬಂತು, ಅದಕ್ಕೆ ಬಂತು. ಯಾಕೆ ಅಂತ ಕೇಳಿ ಕೇಳಿ ನನ್ನ ನಲವತ್ತು ವರ್ಷ ಹೋಯ್ತು. ರೋಗದ ಕಾಟಕ್ಕಿಂತ ಆ ಪ್ರಶ್ನೆ ಕಾಟ ಜಾಸ್ತಿ. ಈಗ ಬಂದಾಗ 'ಬಂದ್ಯಾ' ಅಂತೀನಿ, ಹೋದಾಗ 'ಹೋದ್ಯಾ' ಅಂತೀನಿ, ಅಷ್ಟೇ. ಲೇ, ನಿನ್ನ ಗಂಜಿ ಆರ್ತಿದೆ, ಕುಡಿ" ಅಂದಳು.

ನಿಮ್ಮ ಉಪದೇಶವೂ ಇದೇ ಇರಬೇಕು. ಆದರೆ ನೀವು ಬರೆದಾಗ ಮೈಗೆ ಹತ್ತಿರಲಿಲ್ಲ.

ಈಗ ನಿಮಗೆ ನಿಜ ಗೊತ್ತಾಯಿತು. ಎರಡನೆಯ ಹರಕೆ ನನ್ನ ಸುಳ್ಳಿನ ಮೇಲೆ ಹೊತ್ತದ್ದು. ಏನು ಮಾಡುತ್ತೀರಿ, ನೋಡಿ.

ಬುವಾಲೈ

*

ಫೂಹಿನ್ ವನವಿಹಾರ
ಜುಲೈ 28, 2535

ಬುವಾಲೈ,

ಮಳೆಗಾಲದ ವಾಸ ಶುರುವಾಗಿದೆ. ಮೂರು ತಿಂಗಳು ವಿಹಾರ ಬಿಟ್ಟು ಹೊರಡುವಂತಿಲ್ಲ. ಹೊರಡಬಹುದಾಗಿದ್ದರೆ ಬಂದು ನಿನ್ನ ಕೆನ್ನೆಗೆ ಹೊಡೆಯುತ್ತಿದ್ದೆನೋ, ಕಾಲು ಹಿಡಿಯುತ್ತಿದ್ದೆನೋ ಗೊತ್ತಿಲ್ಲ. ನಿನ್ನ ಕಾಗದ ಓದಿ ಭಿಕ್ಷಾಪಾತ್ರೆಯನ್ನು ಬಂಡೆಗೆ ಎಸೆದೆ. ಅದು ನೆಗ್ಗಿದೆ. ದಿನವೂ ಅದರಲ್ಲೇ ಉಣ್ಣುತ್ತೇನೆ.

ನೀನು ಹೀಗೆ ಮಾಡಬಾರದಿತ್ತು. ನಾನು ಎರಡೂವರೆ ವರ್ಷ ನಿನ್ನ ಪ್ರಾಣ ಹಿಡಿದುಕೊಂಡು ಇಲ್ಲಿ ಕೂತಿದ್ದೆ. ನೀನು ಅದನ್ನು ಹಿತ್ತಲಿಗೆ ಚೆಲ್ಲಿದೆ.

ಇದನ್ನೇ ಗುರುಗಳ ಹತ್ತಿರ ಹೇಳಿ ಅತ್ತೆ. ಅವರು, "ಅವಳ ಪ್ರಾಣ ನಿನ್ನ ಕೈಲಿ ಯಾವಾಗ ಇತ್ತಪ್ಪ? ನೀನು ಇಲ್ಲಿ ಧ್ಯಾನಕ್ಕೆ ಕೂತಿರ್ಲಿಲ್ಲ, ಅವಳ ಜ್ವರಕ್ಕೆ ಕಾವಲು ಕೂತಿದ್ದೆ. ಹೆದರಿಕೆಯಿಂದ ಆಡಿದ ಮಾತು ಯಾರನ್ನೂ ಕಟ್ಟಿ ಹಾಕಲ್ಲ. ಮಳೆಗಾಲ ಮುಗೀಲಿ, ಹೋಗು" ಅಂದರು.

ಬರುತ್ತೇನೆ. ಅಕ್ಟೋಬರ್ ಹುಣ್ಣಿಮೆ ಕಳೆದ ಮರುದಿನ ಕಾವಿ ಬಿಡುತ್ತೇನೆ. ಅಂಗಿ ಕಳಿಸು.

ಒಂದು ಮಾತು ಮಾತ್ರ ಕೊಡು. ಇನ್ನೆಂದೂ ಕಾಯಿಲೆ ಬೀಳುವುದಿಲ್ಲ ಅನ್ನು. ಸುಳ್ಳಾದರೂ ಸರಿ, ಬರೆದು ಕೊಡು. ಗುರುಗಳು ಏನೇ ಹೇಳಲಿ, ನಾನು ಕಾವಿ ಬಿಟ್ಟ ಮೇಲೆ ನಿನ್ನ ಒಂದು ಬೆರಳು ಊದಿದರೂ ಅದು ನನ್ನಿಂದಲೇ ಅನ್ನಿಸುತ್ತದೆ. ಆಗ ನಾನು ಮತ್ತೆ ಓಡಿಬಿಡುತ್ತೇನೆ. ನನ್ನ ಹೆದರಿಕೆ ನನಗೆ ಗೊತ್ತು.

ಖಮ್‌ಪಾನ್

*

ನೋಂಗ್‌ಸಕೆ
ಅಕ್ಟೋಬರ್ 2, 2535

ರೀ,

ಉತ್ತರ ಬರೆಯಲು ಎರಡು ತಿಂಗಳು ಬೇಕಾಯಿತು. ಬೆರಳು ಈಗ ಸಲೀಸಾಗಿ ಪೆನ್ನು ಹಿಡಿಯುತ್ತವೆ, ಆದರೆ ಅದಕ್ಕಾಗಿ ತಡವಾದದ್ದಲ್ಲ. ಆ ಒಂದು ಮಾತನ್ನು ಬರೆಯಲು ಎಷ್ಟು ಸಲ ಕೂತೆನೋ. "ಇನ್ನೆಂದೂ ಕಾಯಿಲೆ ಬೀಳುವುದಿಲ್ಲ." ಒಂದೇ ಸಾಲು. ಬರೆದುಬಿಟ್ಟರೆ ಹತ್ತು ದಿನಕ್ಕೆ ನೀವು ಬಾಗಿಲಲ್ಲಿ. ಒಂದು ಸಲ ಬರೆದು ಲಕೋಟೆಗೂ ಹಾಕಿದ್ದೆ.

ಆಗಸ್ಟಿನಲ್ಲಿ ಮೂರು ವಾರ ಚೆನ್ನಾಗಿದ್ದೆ. ಸೆಪ್ಟೆಂಬರಿನಲ್ಲಿ ಮತ್ತೆ ಬಂತು. ಒಂದು ಮಾತ್ರೆಯನ್ನೂ ಬಿಟ್ಟಿರಲಿಲ್ಲ, ನೀವು ಕಾವಿಯಲ್ಲೇ ಇದ್ದಿರಿ, ಮಳೆಯಲ್ಲಿ ನೆನೆದಿರಲೂ ಇಲ್ಲ, ಹುಳು ಬೇಯಿಸಿ ಆರು ತಿಂಗಳಾಗಿತ್ತು. ಯಾರ ತಪ್ಪೂ ಇರಲಿಲ್ಲ, ಆದರೂ ಬಂತು. ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೆ. ಹೆದರಿಕೆಯಾಯಿತು, ಅಳುವೂ ಬಂತು. ಆದರೆ ಯಾರನ್ನೂ ಬೈಯಲು ತೋಚಲಿಲ್ಲ. ನೋವು ನೋವಾಗಿತ್ತು, ಅಷ್ಟೇ. "ಬಂದ್ಯಾ" ಅಂದೆ. ದೊಡ್ಡಮ್ಮ ಒಳಗಿಂದ, "ಯಾರೇ ಅದು ಬಂದಿದ್ದು?" ಅಂದಳು.

ನನ್ನ ಈ ರೋಗ ಸಾಯುವವರೆಗೂ ಹೀಗೇ ಬರುತ್ತದೆ, ಹೋಗುತ್ತದೆ. ಅದು ಬಂದಾಗ ನನಗೆ ಗಂಜಿ ಕಾಯಿಸಿಕೊಡುವ ಗಂಡ ಬೇಕಾಗಿತ್ತು. ನೀವು ಬಂದರೆ ಗಂಜಿ ಕಾಯಿಸುವುದಿಲ್ಲ. ನನ್ನ ಬೆರಳು ನೋಡುತ್ತೀರಿ. ಬೆಳಿಗ್ಗೆ ಎದ್ದು ಮೊದಲು ನನ್ನ ಕೆನ್ನೆ ನೋಡುತ್ತೀರಿ. ನಾನು ನೋವು ಮುಚ್ಚಿಟ್ಟು ನಗಬೇಕು, ಇಲ್ಲವಾದರೆ ನೀವು ಗುಡಿಗೆ ಓಡುತ್ತೀರಿ. ಮೂತ್ರಪಿಂಡ ಅರ್ಧ ಹೋಗಿರುವವಳಿಗೆ ಅಷ್ಟು ಕೆಲಸ ಮಾಡಲು ಆಗುವುದಿಲ್ಲ. ನೀವು ಅಲ್ಲಿದ್ದರೆ ನಾನು ಇಲ್ಲಿ ನೆಮ್ಮದಿಯಾಗಿ ನರಳಬಹುದು.

ಇದನ್ನು ಬರೆಯುವಾಗ ನನಗೆ ಯಾವ ಶಾಂತಿಯೂ ಸಿಕ್ಕಿಲ್ಲ. ನನ್ನನ್ನು ದೊಡ್ಡ ಸಾಧ್ವಿ ಅಂತ ತಿಳಿಯಬೇಡಿ. ನೀವು ಬೇಕು. ಈ ಕ್ಷಣವೂ ಬೇಕು. ಹದಿನಾಲ್ಕು ವರ್ಷ ಒಂದು ತಟ್ಟೆಯಲ್ಲಿ ಉಂಡ ಮನುಷ್ಯನಿಗೆ ಬರಬೇಡ ಅಂತ ಬರೆಯುವುದು ಈ ರೋಗಕ್ಕಿಂತ ಕೆಟ್ಟದ್ದು.

ಬರಬೇಡಿ.

ಮೇಚೀ ಸೋಯ್ ಹೋದ ವಾರ ತೀರಿಕೊಂಡಳಂತೆ. ಅವಳ ಹೆಸರಿನಲ್ಲಿ ಒಂದು ದಿನ ಧ್ಯಾನಕ್ಕೆ ಕೂರಿ. ನನ್ನ ಹೆಸರಿನಲ್ಲಿ ಕೂರಬೇಡಿ, ಇನ್ನು ಮುಂದೆ.

ಅಂಗಿ ಕಳಿಸುತ್ತಿಲ್ಲ. ದೊಡ್ಡಮ್ಮ ಅದನ್ನು ಚೌಕ ಚೌಕವಾಗಿ ಕತ್ತರಿಸಿ ಅರಿಸಿನ, ಮಜ್ಜಿಗೆಹುಲ್ಲು, ಹುಣಸೆಸೊಪ್ಪು ಕಟ್ಟಿ ಶಾಖದ ಗಂಟು ಮಾಡಿದ್ದಾಳೆ. ಹಬೆಯಲ್ಲಿ ಬಿಸಿ ಮಾಡಿ ಮಂಡಿಗೆ ಒತ್ತುತ್ತೇವೆ. ಹಳೆಯ ಬಟ್ಟೆ, ನೀವು ಒಗೆದು ಬೇರೆ ಕಳಿಸಿದ್ದಿರಿ, ವಾಸನೆಯೇನೂ ಉಳಿದಿಲ್ಲ. ಬಿಸಿ ಚೆನ್ನಾಗಿ ಹಿಡಿಯುತ್ತದೆ.

ಬುವಾಲೈ